ಇಪ್ಪತ್ತಮೂರು ಅಧಿಕೃತ ಬಿರುಕುಗಳು

ನಮ್ಮ ಕಾರ್ಖಾನೆಯ ಹತ್ತು ಪರೀಕ್ಷಾ ಫಲಕಗಳಲ್ಲಿ ಒಟ್ಟು ಇಪ್ಪತ್ತಮೂರು ಬಿರುಕುಗಳಿವೆ. ಇಪ್ಪತ್ತೆರಡು ವರ್ಷಗಳ ಹಿಂದೆ ಅವುಗಳ ಪಟ್ಟಿ ಮಾಡಿದವಳು ನಾನು. ಆ ವಾರ ನನ್ನ ಕನ್ನಡಕ ರಿಪೇರಿಗೆ ಹೋಗಿತ್ತೆಂಬುದು ಪಟ್ಟಿಯಲ್ಲಿ ನಮೂದಾಗಿಲ್ಲ. ಅದಕ್ಕೆ ಕಾಲಂ ಇರಲಿಲ್ಲ.

ಬಿರುಕು ಹುಡುಕುವ ವಿಧಾನ ಸರಳ. ಲೋಹದ ಭಾಗವನ್ನು ಹೊಳೆಯುವ ದ್ರಾವಣದಲ್ಲಿ ಅದ್ದಿ, ಮೇಲೆ ಅಂಟಿದ್ದನ್ನು ನೀರಲ್ಲಿ ತೊಳೆದು, ಬಿಳಿ ಪುಡಿ ಉದುರಿಸಿ, ಕತ್ತಲೆ ಕೋಣೆಯಲ್ಲಿ ನೇರಳೆ ದೀಪದಡಿ ಹಿಡಿಯಬೇಕು. ಬಿರುಕಿನೊಳಗೆ ಉಳಿದದ್ದು ಹಸಿರಾಗಿ ಮಿನುಗುತ್ತದೆ. ಹೊಸ ದ್ರಾವಣ ಬಂದಾಗ, ಆ ಹತ್ತು ಫಲಕಗಳಲ್ಲಿ ಅದು ತೋರಿಸುವ ಬಿರುಕುಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಅದರ ಯೋಗ್ಯತೆ ಅಳೆಯಲು ಮೂವರ ಸಮಿತಿ ರಚನೆಯಾಯಿತು: ಹೊಸ ಇನ್‌ಸ್ಪೆಕ್ಟರ್, ಉಗ್ರಾಣದವನು, ಪಟ್ಟಿಯ ಕರ್ತೃವೆಂಬ ಕಾರಣಕ್ಕೆ ಅಧ್ಯಕ್ಷೆಯಾಗಿ ನಾನು.

"ಅಕ್ಕ, ಮೂವತ್ತೊಂದು ಬಂತು," ಎಂದಳು ಹೊಸ ಇನ್‌ಸ್ಪೆಕ್ಟರ್.

"ಸರಿಯಾಗಿ ಎಣಿಸು."

"ಮೂರು ಸಲ ಎಣಿಸ್ದೆ. ನೀವೇ ನೋಡಿ."

ನೋಡಿದೆ. ಈ ಸಲ ಕನ್ನಡಕ ಇತ್ತು. ಮೂವತ್ತೊಂದೇ.

"ಪಟ್ಟೀಲಿ ಇಲ್ಲದ್ದು ಹೀಗೆ ಹೊಳೆಯೋದು ಶಿಸ್ತಲ್ಲ," ಎಂದೆ.

ಹುಟ್ಟೂರಿನಿಂದ ಎರಡು ದಿನದ ರೈಲು ದೂರದಲ್ಲಿ ನೆಲೆ ನಿಂತ ನನಗೆ, ಹೇಳಿಕೊಳ್ಳಲು ಆ ಪಟ್ಟಿಯೊಂದೇ ಇತ್ತು. ನಿವೃತ್ತಿಯಾದ ಮೇಲೂ ನನ್ನನ್ನು ಉಳಿಸಿಕೊಂಡದ್ದು ಅದಕ್ಕಾಗಿಯೇ. ಅದು ತಪ್ಪೆಂದಾದರೆ ನಾನು ಮನೆಗೆ. ಅದನ್ನು ನೆಚ್ಚಿ ಹೊರಗೆ ಹೋದ ಮಾಲೆಲ್ಲ ವಾಪಸು.

ಮ್ಯಾನೇಜರ್ ವರದಿ ಓದಿದರು. "ಅಮ್ಮ, ಈ ಎಂಟು ಯಾರನ್ನ ಕೇಳ್ಕೊಂಡು ಬಂದ್ವು?"

"ಗೊತ್ತಿಲ್ಲ ಸಾರ್."

"ಹಾಗಾದ್ರೆ ದ್ರಾವಣ ನಪಾಸು."

"ನಲವತ್ತು ಪೀಪಾಯಿ ಬಂದು ಇಳಿದಾಗಿದೆ ಸಾರ್," ಎಂದ ಉಗ್ರಾಣದವನು.

ಇಂಥಲ್ಲೇ ಅನುಭವ ಕೈ ಹಿಡಿಯುವುದು. "ತೊಳೆದದ್ದು ಸಾಲದೇನೋ," ಎಂದೆ. ಅತಿಯಾಗಿ ತೊಳೆದರೆ ಬಿರುಕಿನೊಳಗಿನ ದ್ರಾವಣವೂ ಕೊಚ್ಚಿಹೋಗುತ್ತದೆ ಎಂಬುದು ತರಬೇತಿಯ ಮೊದಲ ದಿನ ನಾನೇ ಕೊಡುವ ಎಚ್ಚರಿಕೆ.

ಎರಡನೇ ಸಲ ತೊಳೆದಾಗ ಇಪ್ಪತ್ತೊಂಬತ್ತು. ನಾಲ್ಕನೇ ಸಲಕ್ಕೆ ಇಪ್ಪತ್ತಾರು. ಆರನೇ ಸಲಕ್ಕೆ ಇಪ್ಪತ್ತೆರಡಾಗಿ ಎಲ್ಲರಿಗೂ ಗಾಬರಿ. ಮತ್ತೆ ಮೊದಲಿಂದ ಅದ್ದಿ, ಐದಕ್ಕೆ ನಿಲ್ಲಿಸಿದೆವು. ಇಪ್ಪತ್ತಮೂರು. ಮ್ಯಾನೇಜರ್ ನನ್ನ ಕೈ ಕುಲುಕಿದರು.

ಮರುದಿನ ಆದೇಶ ಹೊರಬಿತ್ತು: "ಹೊಸ ದ್ರಾವಣವನ್ನು ಅಂಗೀಕರಿಸಲಾಗಿದೆ. ಎಲ್ಲ ಭಾಗಗಳನ್ನೂ ಐದು ಬಾರಿ ತೊಳೆಯತಕ್ಕದ್ದು. ಅದಕ್ಕೂ ಮುನ್ನ ಕಂಡದ್ದನ್ನು ಕಂಡದ್ದೆಂದು ಪರಿಗಣಿಸತಕ್ಕದ್ದಲ್ಲ." ನನ್ನ ಸೇವೆಯೂ ಎರಡು ವರ್ಷ ಮುಂದುವರಿಯಿತು.

"ಅಕ್ಕ, ಆ ಎಂಟು ಈಗಲೂ ಅಲ್ಲೇ ಇವೆಯಲ್ಲ?" ಎಂದಳು ಹೊಸ ಇನ್‌ಸ್ಪೆಕ್ಟರ್.

"ಇವೆ. ಆದ್ರೆ ಈಗ ಸ್ವಚ್ಛವಾಗಿವೆ."

ಅವಳು ಅಂಗಿಯ ತೋಳು ಮೇಲೇರಿಸಿಕೊಂಡು ನೀರಿನ ಪೈಪು ಕೈಗೆತ್ತಿಕೊಂಡಳು.