ಸ್ವೀಡನ್ನಿನ ಹಾಡುಗಾರನೂ ಚಿಂಚೋಳಿಯ ಭಾವನೂ

ಹೆಣ್ಣುಮಕ್ಕಳಿಗೆ ತವರಿನ ಸುದ್ದಿಯೆಂದರೆ ಜೀವ ಎನ್ನುತ್ತಾರೆ. ನನ್ನ ತವರು ವಾಡಿ. ಶಹಾಬಾದದಲ್ಲಿ ರೈಲು ಹತ್ತಿ ಸೆರಗು ಸರಿಮಾಡಿಕೊಂಡು ಕೂರುವಷ್ಟರಲ್ಲಿ ಬಂದುಬಿಡುತ್ತದೆ. ಅಲ್ಲಿಯ ಸುದ್ದಿಗೆ ನಾನು ಎಂದೂ ಹಂಬಲಿಸಿದವಳಲ್ಲ. ನಾನು ಹಂಬಲಿಸುವುದು ಸ್ವೀಡನ್ನಿನ ಸುದ್ದಿಗೆ. ಅಲ್ಲಿ ನನ್ನ ಬಂಧುಬಳಗ ಯಾರೂ ಇಲ್ಲ. ಸೊಂಟದ ತನಕ ಕೂದಲು ಬಿಟ್ಟು, ಗಂಟಲು ಹರಿಯುವ ಹಾಗೆ ಕೂಗುವ ಒಂದು ಹಾರ್ಡ್ ರಾಕ್ ಬ್ಯಾಂಡ್ ಇದೆ, ಅಷ್ಟೇ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ, ಐವತ್ತು ದಾಟಿದ ಹೆಂಗಸಿಗೆ ಇದು ಶೋಭಿಸುತ್ತದೆಯೇ ಎಂದು ದಯವಿಟ್ಟು ಕೇಳಬೇಡಿ. ಶೋಭಿಸುತ್ತದೆ.

ಇದಕ್ಕೆಲ್ಲ ಮೂಲ ನಮ್ಮಪ್ಪನ ಮೊಸರನ್ನ. ಅಪ್ಪ ಸಿಮೆಂಟ್ ಕಾರ್ಖಾನೆಯೊಂದರ ಗೆಸ್ಟ್ ಹೌಸಿನಲ್ಲಿ ಅಡುಗೆ ಮಾಡುತ್ತಿದ್ದರು. ಯಂತ್ರ ಕೂಡಿಸಲು ಬಂದಿದ್ದ ಸ್ವೀಡನ್ನಿನ ಇಂಜಿನಿಯರನೊಬ್ಬ ನಮ್ಮ ಖಾರಕ್ಕೆ ಹೆದರಿ ಇಡೀ ಬೇಸಿಗೆ ಮೊಸರನ್ನದ ಮೇಲೆ ಬದುಕಿದ. ಹೋಗುವಾಗ ಅಪ್ಪನ ಕೈಗೆ ಈ ಬ್ಯಾಂಡಿನ ಒಂದು ಕ್ಯಾಸೆಟ್ ಇಟ್ಟ. ಅಪ್ಪ ಒಂದೇ ಹಾಡು ಕೇಳಿ, "ಪಾಪ, ಯಾರೋ ಭಾಳ ಸಂಕಟದಾಗ ಅದಾರ" ಎಂದು ಅದನ್ನು ನನಗೆ ಕೊಟ್ಟುಬಿಟ್ಟರು. ಮೆತ್ತಗೆ ಮಾತಾಡು, ಮೆತ್ತಗೆ ನಗು ಎಂದು ದಿನವಿಡೀ ಹೇಳಿಸಿಕೊಳ್ಳುತ್ತಿದ್ದ ಎಂಟನೇ ಕ್ಲಾಸಿನ ಹುಡುಗಿ ನಾನು. ಯಾರ ಅಪ್ಪಣೆಯೂ ಇಲ್ಲದೆ ಮನುಷ್ಯರು ಇಷ್ಟು ಗಟ್ಟಿಯಾಗಿ ಕೂಗಬಹುದು ಎನ್ನುವುದೇ ನನಗೆ ದೊಡ್ಡ ಸುದ್ದಿಯಾಗಿತ್ತು.

ರೈಲ್ವೆಯಲ್ಲಿದ್ದ ಅಣ್ಣ, ಮುಂಬೈ ಗಾಡಿಗಳಲ್ಲಿ ಜನ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಗಳನ್ನು ತಂದುಕೊಡುತ್ತಿದ್ದ. ಡಿಕ್ಷನರಿ ಹಿಡಿದು ಓದುತ್ತಿದ್ದೆ. ಅವರ ಮೊದಲ ಆಲ್ಬಮ್ ಲೋಕವನ್ನೇ ಕುಣಿಸಿತ್ತಂತೆ. ಎರಡನೆಯದರ ಹೊದಿಕೆಯ ಮೇಲೆ ಹಾಡುಗಾರನ ಮುಖ ದೊಡ್ಡದು, ಡ್ರಮ್ಮಿನವನ ಮುಖ ಸಣ್ಣದು. ಅಲ್ಲಿಗೆ ಜಗಳ ಶುರು. ತಪ್ಪೆಲ್ಲ ಡ್ರಮ್ಮಿನವನದೇ ಎಂದು ನಾನು ಅಂದೇ ತೀರ್ಮಾನಿಸಿದ್ದೆ. ಬೇಸ್ ಗಿಟಾರಿನವ ಬೇಸತ್ತು ಊರಿಗೆ ಹೋಗಿ ಕುರಿ ಸಾಕಿದ. ಅಷ್ಟರಲ್ಲಿ ಜನರ ರುಚಿ ಬದಲಾಯಿತು. ಸಾದಾ ಅಂಗಿ ತೊಟ್ಟು ಅಳುಮೋರೆ ಮಾಡಿದವರಿಗೆ ಚಪ್ಪಾಳೆ ಬೀಳತೊಡಗಿತು. ಬ್ಯಾಂಡ್ ಒಡೆದು, ಒಂದೇ ಹೆಸರಿನಲ್ಲಿ ಹಾಡುಗಾರನದೊಂದು, ಡ್ರಮ್ಮಿನವನದೊಂದು ಎಂದು ಎರಡಾಯಿತು. ಎರಡಕ್ಕೂ ಜನ ಬರಲಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ, ಕುರಿಯವನನ್ನೂ ಕರೆಸಿಕೊಂಡು, ಮತ್ತೆ ಒಂದಾದರು. ಅವರು ಒಡೆದಾಗ ನಾನು ಊಟ ಬಿಟ್ಟೆ, ಕೂಡಿದಾಗ ಹೋಳಿಗೆ ಮಾಡಿದೆ. ಹೋಳಿಗೆ ಯಾಕೆಂದು ನನ್ನ ಗಂಡ ಕೇಳದೆಯೇ ತಿಂದರು. ನಮ್ಮ ಸಂಸಾರ ಇಷ್ಟು ಕಾಲ ನಡೆದಿರುವುದು ಹಾಗೆಯೇ.

ಹೋದ ಜೂನ್‌ನಲ್ಲಿ ಅವರ ಕಾರ್ಯಕ್ರಮ ಇಂಟರ್‌ನೆಟ್ಟಿನಲ್ಲಿ ನೇರವಾಗಿ ಬರುತ್ತದೆಂದು ತಿಳಿಯಿತು. ದೊಡ್ಡ ಸಂಗೀತದ ಜಲಸಾಗಳಲ್ಲಿ ಹೆಸರಿರುವವರು ರಾತ್ರಿ ಹಾಡುತ್ತಾರೆ, ಹೆಸರು ಹೋದವರು ಮಧ್ಯಾಹ್ನ. ನಮ್ಮವರಿಗೆ ಮಧ್ಯಾಹ್ನ ಸಿಕ್ಕಿತ್ತು. ಅವರ ಮಧ್ಯಾಹ್ನ ಎಂದರೆ ನಮ್ಮ ಸಂಜೆ, ನನಗೆ ಅನುಕೂಲವಾಯಿತು ಎಂದು ಖುಷಿಪಟ್ಟೆ. ಆಮೇಲೆ ಆ ಖುಷಿಗೆ ನಾಚಿಕೆಯೂ ಆಯಿತು.

ಅದೇ ಸಂಜೆ ಚಿಂಚೋಳಿಯಿಂದ ಭಾವ ಬಂದಿಳಿದರು. ನನ್ನ ಗಂಡನ ಅಣ್ಣ. ಆ ಕಡೆಯ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ಪಾಲಿನ ಜಗಳ ಬಿಡಿಸುವುದರಲ್ಲಿ ಹೆಸರಾದವರು. ನಾನು ಮದುವೆಯಾಗಿ ಬಂದಾಗಿನಿಂದ ಅವರೆದುರು ಕುರ್ಚಿಯ ಮೇಲೆ ಕೂತವಳಲ್ಲ. ಅಂದು ಕೂತಿದ್ದೆ, ಕೈಯಲ್ಲಿ ರಿಮೋಟ್ ಬೇರೆ.

"ಇಲ್ಲಿ ಕೊಡವಾ, ಸುದ್ದಿ ಹಚ್ಚೋಣು," ಎಂದು ಭಾವ ಕೈಚಾಚಿದರು.

"ಇಲ್ರಿ ಭಾವಾ. ಇವತ್ತ ಒಂದು ತಾಸು ಟಿವಿ ನಂದದ. ನೀವು ಕುಂದರ್ರಿ, ಚಾ ಅವರು ಮಾಡ್ತಾರ."

ಗಂಡ ನನ್ನ ಮುಖವನ್ನೂ ಅಣ್ಣನ ಮುಖವನ್ನೂ ನೋಡಿ ಅಡುಗೆಮನೆಗೆ ಓಡಿದರು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳುವ ಧೈರ್ಯ ಅವರಿಗಾಗಲಿಲ್ಲ. ಸಕ್ಕರೆಯಿಲ್ಲದ ಆ ಚಹಾ ಕುಡಿಯುತ್ತ ಭಾವ ಟಿವಿಯತ್ತ ತಿರುಗಿದರು. ಅಲ್ಲಿ ಮಳೆ. ವೇದಿಕೆಯ ಮೇಲೆ ಹೊಟ್ಟೆ ಬಂದ, ಕೂದಲುದುರಿದ ನನ್ನ ಹುಡುಗರು. ಕೆಳಗೆ ಕೊಡೆ ಹಿಡಿದ ಒಂದಿಷ್ಟು ಜನ.

"ಮಂದೀನೇ ಇಲ್ಲಲ್ಲ. ಮಳ್ಯಾಗ ನಿಂತು ಯಾರ ಸಲುವಾಗಿ ಒದರ್ಲಿಕತ್ತಾರಿವರು?"

"ನನ್ನ ಸಲುವಾಗಿರಿ," ಎಂದೆ.

ಮೂರನೇ ಹಾಡಿನಲ್ಲಿ ಹಾಡುಗಾರನ ದನಿ ಒಡೆಯಿತು. ಕೊಡೆಯವರಲ್ಲಿ ಕೆಲವರು ನಕ್ಕರು, ಕೆಲವರು ಹೊರಟುಹೋದರು. ಮುಗಿಯಿತು, ಇನ್ನಿವರನ್ನು ಮಧ್ಯಾಹ್ನಕ್ಕೂ ಕರೆಯುವುದಿಲ್ಲ ಎಂದುಕೊಂಡೆ. ಆದರೆ ಅವರು ನಿಲ್ಲಿಸಲಿಲ್ಲ. ಕೊನೆಗೆ ಕ್ಯಾಸೆಟ್ಟಿನ ಆ ಮೊದಲ ಹಾಡನ್ನೇ ಎತ್ತಿಕೊಂಡರು. ಎತ್ತರದ ಸಾಲು ಬಂತು. ದನಿ ಸೀದಾ ಏರಿತು, ನನ್ನ ಎಂಟನೇ ಕ್ಲಾಸಿನಲ್ಲಿ ಏರಿದ ಹಾಗೆಯೇ. ನಾನು ಎದ್ದು ನಿಂತು, ಭಾವನೆದುರು, ಬೀದಿಗೆ ಕೇಳುವಂತೆ ಆ ಸಾಲನ್ನು ಕೂಗಿದೆ. ಕಣ್ಣಲ್ಲಿ ನೀರು ಬಂದು ಟಿವಿ ಕಾಣಿಸಲಿಲ್ಲ.

ಭಾವ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: "ಆ ಡ್ರಮ್ಮಿನಾಂವ ಹಾಡಾಂವನ ಮಾರಿ ಸೈತ ನೋಡವಲ್ಲ. ಜಗಳ ಅದ ಏನು?"

ಎಲ್ಲ ಹೇಳಿದೆ. ಮುಖ, ಕುರಿ, ಎರಡೆರಡು ಬ್ಯಾಂಡ್. ಭಾವ ಕುರ್ಚಿ ಮುಂದಕ್ಕೆಳೆದುಕೊಂಡು ಕೇಳಿದರು. ತೀರ್ಪು ಕೊಟ್ಟೇ ಎದ್ದರು: "ಬ್ಯಾಂಡಿನ ಹೆಸರು ಡ್ರಮ್ಮಿನಾಂವಗೇ ಸೇರಬೇಕು. ಮನಿ ಹಿಡದು ನಿಂತಾಂವ ಅಂವ. ನಿನ್ನ ಹಾಡಾಂವಗ ಬರೇ ಸೊಕ್ಕದ."

"ಇದು ಅನ್ಯಾಯ ಆತ್ರಿ!" ಎಂದು ನಾನೂ ಬಿಡಲಿಲ್ಲ. ಅಂದಿನ ಊಟ ತಣ್ಣಗಾಯಿತು.

ಈಗ ಭಾವ ಚಿಂಚೋಳಿಯಿಂದ ಫೋನ್ ಮಾಡುತ್ತಲೇ ಇರುತ್ತಾರೆ, ತಮ್ಮನಿಗಲ್ಲ, ನನಗೆ. ಮೊನ್ನೆ ಅವರ ದನಿಯಲ್ಲಿ ವಿಶೇಷ ಹುರುಪಿತ್ತು. "ಆ ಹಾಡು ಮತ್ತ ಮೊಬೈಲಿನಾಗ ನೋಡಿದೆ. ಎತ್ತರದ ಸಾಲಿನ್ಯಾಗ ನಿನ್ನ ಹಾಡಾಂವನ ಮೈಕ್ ಬಾಯಿಂದ ದೂರ ಅದ. ಹಾಡಿದಾಂವ ಡ್ರಮ್ಮಿನಾಂವ. ಇವನ ಮರ್ಯಾದಿ ಅಂವ ಉಳಿಸ್ಯಾನ."

"ಸುಳ್ಳರಿ!" ಎಂದು ಫೋನ್ ಇಟ್ಟುಬಿಟ್ಟೆ. ಭಾವನ ಮಾತಿನ ನಡುವೆ ಫೋನ್ ಇಟ್ಟದ್ದು ಇದೇ ಮೊದಲು. ಗಂಡ ಹೌಹಾರಿ, "ಕ್ಷಮಾ ಕೇಳು, ಅಣ್ಣಗ ಬ್ಯಾಸರ ಆಗ್ತದ" ಎಂದರು. ಜಗಳವಾಡಿದ ಮಕ್ಕಳಿಗೆ ಪರಸ್ಪರ ಕೈಕುಲುಕಿಸುವ ಮೇಷ್ಟ್ರಮ್ಮ ನಾನು. ಖಂಡಿತ ಕೇಳುವುದಿಲ್ಲ ಎಂದೆ.

ಆಮೇಲೆ ಬಾಗಿಲು ಹಾಕಿಕೊಂಡು ಆ ಹಾಡನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮೈಕ್ ದೂರವೇ ಇತ್ತು. ಹಿಂದೆ, ತಲೆ ತಗ್ಗಿಸಿ ಬಾರಿಸುತ್ತಲೇ, ಡ್ರಮ್ಮಿನವ ಬಾಯ್ತುಂಬ ಹಾಡುತ್ತಿದ್ದ. ನಾನು ಇಷ್ಟು ವರ್ಷ ಬೈದುಕೊಂಡು ಬಂದ ಮನುಷ್ಯ.

ಅವನನ್ನು ಕ್ಷಮಿಸಿದ್ದೇನೆ. ಭಾವನಿಗೆ ಮಾತ್ರ ಹೇಳುವುದಿಲ್ಲ.