ಒದ್ದೆ ಬಟ್ಟೆಯೂ ಸೊಸೆಯ ನೂಲೂ

ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಅಡುಗೆಮನೆಯ ತಪಾಸಣೆ. ಕಾರ್ಖಾನೆಯ ಉಗ್ರಾಣ ನೋಡಿಕೊಂಡು ನಿವೃತ್ತನಾದ ಮೇಲೂ ನಾನು ಈ ಕ್ರಮ ಬಿಟ್ಟಿಲ್ಲ. ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ನನ್ನ ಅನುಮತಿಯಿಲ್ಲದೆ ಧೂಳು ಕೂರುವಂತಿಲ್ಲ.

ಆ ದಿನ ಫ್ರಿಜ್ಜಿನ ಮೇಲೆ ಒಂದು ಸಿಹಿತಿಂಡಿ ಡಬ್ಬಿ ಕಂಡಿತು. ಒಳಗೆ ಸಿಹಿ ಇರಲಿಲ್ಲ. ಅಲ್ಯೂಮಿನಿಯಂ ಫಾಯಿಲ್ ಹಾಳೆ, ಅದರ ಮೇಲೆ ಬೂಷ್ಟು ಹಿಡಿದಂಥ ಬಿಳಿ ಪೊರೆ. ಒದ್ದೆ ಬಟ್ಟೆ ತಂದು ಒಂದೇ ಸಲ ಒರೆಸಿದೆ. ಫಾಯಿಲ್ ಕನ್ನಡಿಯಾಯಿತು! ಚಪಾತಿ ಸುತ್ತಲು ಬರುತ್ತದೆಂದು ನಾಲ್ಕು ಮಡಿಕೆ ಮಾಡಿ ಡ್ರಾಯರಿನಲ್ಲಿಟ್ಟೆ.

ಏಳು ಗಂಟೆಗೆ ಸೊಸೆ ಶ್ರುತಿ ಬಂದಳು. ಯಲಹಂಕದ ಕಡೆ ಒಂದು ಕಾಲೇಜಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು.

"ಮಾವ, ಈ ಡಬ್ಬೀಲಿ ಫಾಯಿಲ್ ಇತ್ತಲ್ಲಾ?"

"ಕ್ಲೀನ್ ಮಾಡಿಟ್ಟಿದ್ದೀನಿ ಕಣಮ್ಮ. ಬೂಷ್ಟು ಹಿಡಿದಿತ್ತು."

ಅವಳು ಸ್ಟೂಲಿನ ಮೇಲೆ ಕುಸಿದಳು. "ಅದು ಬೂಷ್ಟಲ್ಲ ಮಾವ, ನೂಲು. ಎಂಟು ಗಂಟೆ ಕೂತು ತೆಗ್ದಿದ್ದೆ."

ನೀರಿನಲ್ಲಿ ಕರಗುವ ಪಾಲಿಮರಿಗೆ ನಯವಾದ ಜೇಡಿಮಣ್ಣು ಬೆರೆಸಿ, ಸೂಜಿಯ ತುದಿಗೆ ಸಾವಿರಾರು ವೋಲ್ಟ್ ವಿದ್ಯುತ್ ಕೊಡಬೇಕಂತೆ. ದ್ರವ ಕೂದಲಿಗಿಂತ ನೂರಾರು ಪಟ್ಟು ಸಣ್ಣ ಎಳೆಯಾಗಿ ಹಾರಿ, ಎದುರಿನ ಫಾಯಿಲಿನ ಮೇಲೆ ಕೂರುತ್ತದಂತೆ. ಎರಡು ತಿಂಗಳು ಕಾದ ಮೇಲೆ ಆ ದಿನ ಹನ್ನೊಂದಕ್ಕೆ ದೊಡ್ಡ ಮೈಕ್ರೋಸ್ಕೋಪಿನಲ್ಲಿ ಅವಳ ಸರದಿ. ಲ್ಯಾಬಿನಲ್ಲಿ ಯಾರಾದರೂ ಮುಟ್ಟಿಯಾರೆಂದು ಫಾಯಿಲನ್ನು ಮನೆಗೆ ತಂದಿದ್ದಳು.

"ಒಣಗಿದ್ರೆ ವಾಪಸ್ ಬರಲ್ವಾ?" ಎಂದೆ.

"ಬಟ್ಟೆ ಹಿಂಡಿ ಕೊಡ್ರೀ," ಎಂದಳು ನನ್ನ ಹೆಂಡತಿ ಕಮಲ. "ಅವಳ ಪಿಎಚ್‌.ಡಿ. ಅದರಲ್ಲೇ ಇದೆ."

ಶ್ರುತಿ ಎದ್ದಳು. "ಮೈಕ್ರೋಸ್ಕೋಪಿಗೆ ಉಗುರಿನಷ್ಟಿದ್ರೆ ಸಾಕು. ಅರ್ಧ ಗಂಟೆ ನೂಲು ತೆಗೆದ್ರೆ ಆಗುತ್ತೆ. ಈಗ್ಲೇ ಹೋಗ್ಬೇಕು."

ಪ್ರಾಯಶ್ಚಿತ್ತವಾಗಿ ಸ್ಕೂಟರಿನಲ್ಲಿ ನಾನೇ ಕರೆದೊಯ್ದೆ. ಲ್ಯಾಬಿನಲ್ಲಿ ಪಾಲಿಮರ್ ಕರಗಿಸುವಷ್ಟರಲ್ಲಿ ಹತ್ತು ದಾಟಿತ್ತು. ಅವಳು ಗಾಜಿನ ಪೆಟ್ಟಿಗೆಯೊಳಗಿನ ಯಂತ್ರ ಚಾಲೂ ಮಾಡಿದಳು.

"ಮೈಕ್ರೋಸ್ಕೋಪ್ ರೂಮಲ್ಲಿ ಹೆಸರು ಬರೆಸಿ ಬರ್ತೀನಿ. ಮಾವ, ದಯವಿಟ್ಟು ಮಷಿನ್ ಮುಟ್ಟಬೇಡಿ."

ಮುಟ್ಟಲಿಲ್ಲ. ನಾನು ಮಾತಿಗೆ ತಪ್ಪುವವನಲ್ಲ. ಆದರೆ ನೆಲದ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ಮೂಲೆಯಲ್ಲಿ ಬಕೆಟ್ಟೂ ಬಟ್ಟೆಯೂ ಇದ್ದವು. ಸೊಸೆಗೆ ಇಷ್ಟಾದರೂ ಸಹಾಯವಾಗಲಿ ಎಂದು ಕಿಟಕಿಯಿಲ್ಲದ ಆ ಕೋಣೆಯನ್ನು ಎರಡು ಸಲ ಒರೆಸಿದೆ.

ಶ್ರುತಿ ಬಂದವಳೇ ಗೋಡೆಯ ಮೀಟರ್ ನೋಡಿದಳು. "ತೇವ ಯಾಕೆ ಇಷ್ಟು ಏರಿದೆ? ಮಾವ, ಏನ್ ಮಾಡಿದ್ರಿ?"

"ಮಷಿನ್ ಮುಟ್ಟಿಲ್ಲ ಕಣಮ್ಮ."

ಅವಳು ನೆಲ ನೋಡಿದಳು. ಆಮೇಲೆ ಬಕೆಟ್ ನೋಡಿದಳು. ಮತ್ತೆ ನೂಲು ತೆಗೆಯಲು ಹೊತ್ತೂ ಉಳಿದಿರಲಿಲ್ಲ.

ಹನ್ನೊಂದಕ್ಕೆ ಮೈಕ್ರೋಸ್ಕೋಪಿನ ಪರದೆಯ ಮೇಲೆ ಎಳೆಗಳ ಬದಲು ಸಾಬಕ್ಕಿ ಸಂಡಿಗೆ ಮೂಡಿತು. ಗಾಳಿಯಲ್ಲಿ ತೇವವಿದ್ದರೆ ನೂಲು ಒಣಗದೆ ಮುದ್ದೆಯಾಗುತ್ತದಂತೆ. ಮುಂದಿನ ಸರದಿ ಮತ್ತೆ ಎರಡು ತಿಂಗಳಿಗೆ. ಆ ಸಲ ಫಾಯಿಲ್ ಲ್ಯಾಬಿನಲ್ಲೇ ಉಳಿಯಿತು. ನಾನು ಮನೆಯಲ್ಲಿ ಉಳಿದೆ.

ಅವಳ ಪ್ರಬಂಧ ಈಗ ನಮ್ಮ ಶೋಕೇಸಿನಲ್ಲಿದೆ. ಕೃತಜ್ಞತೆಯ ಪುಟದಲ್ಲಿ ಗುರುಗಳು, ಗಂಡ, ಅತ್ತೆ ಎಲ್ಲರೂ ಇದ್ದಾರೆ. ನಾನಿಲ್ಲ. ಒಳಗೊಂದು ಪುಟದಲ್ಲಿ ಆ ಸಂಡಿಗೆಯ ಚಿತ್ರವಿದೆ, ಕೆಳಗೆ ಇಂಗ್ಲಿಷಿನಲ್ಲಿ "ಅತಿಯಾದ ತೇವದಿಂದ ಕೆಟ್ಟ ಮಾದರಿ" ಎಂಬರ್ಥದ ಸಾಲು. ವಿಜ್ಞಾನಕ್ಕೆ ನನ್ನ ಕೊಡುಗೆ ಅದು.

ಪ್ರಬಂಧದ ರಟ್ಟಿನ ಮೇಲೆ ಧೂಳು ಕೂತಿದೆ. ಒರೆಸಲು ನನಗೆ ಅನುಮತಿಯಿಲ್ಲ.