ಅಮೆರಿಕದ ತೆರಿಗೆ, ಕೆಂಗೇರಿಯ ಸಮಾಧಿ ಕಲ್ಲು

ಕೆಂಗೇರಿಯಿಂದ ಸ್ವಲ್ಪ ಆಚೆ, ನಾನು ಕೆಲಸ ಮಾಡುವ ಕಲ್ಲಿನ ಕಾರ್ಖಾನೆಯಲ್ಲಿ ಅಮೆರಿಕದವರ ಸಮಾಧಿಗೆ ಕಲ್ಲು ತಯಾರಾಗುತ್ತೆ. ಕೆತ್ತುವ ಮುಂಚೆ ಹೆಸರಿನ ಸ್ಪೆಲ್ಲಿಂಗ್ ಸರಿಯಿದೆಯಾ ಅಂತ ನೋಡೋದು ನನ್ನ ಕೆಲಸ. ದಿನವೂ ಸತ್ತವರ ಹೆಸರು ಓದುವ ಕಡೆ ನಗುವಂಥದ್ದು ನಡೆಯಬಾರದು. ಆದರೂ ನಡೆಯುತ್ತೆ, ಏನು ಮಾಡೋದು.

೧. ಕಾಯುವವರು

ನಮ್ಮ ದೇಶದ ಮಾಲಿನ ಮೇಲೆ ಅಮೆರಿಕ ತೆರಿಗೆ ಏರಿಸಿದ ವಾರ ಅಲ್ಲಿನ ವ್ಯಾಪಾರಿ ಫೋನ್ ಮಾಡಿದ. ತೆರಿಗೆ ಇಳಿಯುವವರೆಗೆ ಏನೂ ಕಳಿಸಬೇಡಿ ಅಂದ. ಪ್ಯಾಕ್ ಆಗಿದ್ದ ಕಲ್ಲುಗಳೆಲ್ಲ ಅಂಗಳದಲ್ಲೇ ಉಳಿದವು. ಫೋನ್ ಹಿಡಿದಿದ್ದವರು ನಮ್ಮ ಓನರ್. ಅಲ್ಲೀತನಕ ನಿಮ್ಮಲ್ಲಿ ಸತ್ತವರ ಗತಿಯೇನು ಸಾರ್ ಅಂತ ಕೇಳಿದರು. ಆ ಕಡೆಯಿಂದ ತಣ್ಣಗೆ ಉತ್ತರ ಬಂತು.

"ಸತ್ತವರು ಕಾಯ್ತಾರೆ. ರೇಟ್ ಕೇಳೋದು ಬದುಕಿರೋರು."

೨. ತೆಗೆಸಿದ ಸಾಲು

ಆಮೇಲೆ ಒಂದಿಷ್ಟು ಆರ್ಡರ್ ಬಂತು, ಖರ್ಚು ತಗ್ಗಿಸಬೇಕು ಅನ್ನೋ ಷರತ್ತಿನ ಮೇಲೆ. ಒಬ್ಬ ಅಜ್ಜಿಯ ಕಲ್ಲಿಗೆ ಹೆಸರಿನ ಕೆಳಗೆ 'ಪ್ರೀತಿಯ ಮಡದಿ, ಪ್ರೀತಿಯ ತಾಯಿ' ಅಂತ ಕೆತ್ತೋಕೆ ಹೇಳಿದ್ದರು. ಹೊಸ ರೇಟ್ ನೋಡಿದ ಮನೆಯವರು ಆ ಸಾಲು ತೆಗೆಸಿದರು. ಹೆಸರಷ್ಟೇ ಸಾಕಂತೆ. ಕೆತ್ತುವ ಮೇಸ್ತ್ರಿ ಬಾಗಲಕೋಟೆ ಕಡೆಯವರು. ಉಳಿ ಕೆಳಗಿಟ್ಟರು.

"ಟ್ಯಾಕ್ಸು ಬರೇ ಕಲ್ಲಿಗೆ ಅಂತ ತಿಳಿದಿದ್ದೆ ನೋಡ್ರಿ ಮೇಡಂ" ಅಂದರು.

೩. ಒಗೆಯುವ ಕಲ್ಲು

ಕೊನೆಗೆ ಆರ್ಡರ್ ಪೂರ್ತಿ ನಿಂತಿತು. ಈ ತಿಂಗಳು ಏನೂ ಮಾರಾಟವಾಗದಿದ್ದರೆ ಶೆಡ್ ಮುಚ್ಚಬೇಕು ಅಂದರು ಓನರ್. ಕ್ಯಾನ್ಸಲ್ ಆದ ಕಲ್ಲುಗಳ ಅಕ್ಷರ ಉಜ್ಜಿ ತೆಗೆದು, ಬಟ್ಟೆ ಒಗೆಯುವ ಕಲ್ಲು ಅಂತ ಇಲ್ಲೇ ಮಾರೋಣ ಅನ್ನೋದು ಅವರ ಯೋಚನೆ. ಮೇಸ್ತ್ರಿ ಒಪ್ಪಲಿಲ್ಲ. ಸತ್ತವರ ಹೆಸರು ಅಳಿಸೋದು ತಮ್ಮ ಕೈಯಲ್ಲಿ ಆಗಲ್ಲ ಅಂದುಬಿಟ್ಟರು. ಹಾಗಾಗಿ ಅಕ್ಷರ ಕೆಳಗೆ ಬರುವಂತೆ ಕಲ್ಲುಗಳನ್ನು ಮಗುಚಿ ಇಟ್ಟೆವು.

ಮೊದಲು ಬಂದದ್ದು ಮಲ್ಲತ್ತಹಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬ ಆಂಟಿ. ಕಪ್ಪು ಕಲ್ಲೊಂದನ್ನು ಸವರಿ ನೋಡಿದರು, ಇಷ್ಟವಾಯಿತು. ಮುಚ್ಚಿಟ್ಟು ಮಾರೋಕೆ ನನಗೆ ಮನಸ್ಸು ಬರಲಿಲ್ಲ. ಇದು ಸಮಾಧಿಗೆ ಅಂತ ಮಾಡಿದ ಕಲ್ಲು, ಅಡಿಯಲ್ಲಿ ಒಬ್ಬ ಹೆಂಗಸಿನ ಹೆಸರಿದೆ ಅಂತ ಹೇಳಿಬಿಟ್ಟೆ. ಓನರ್ ತಲೆ ತಗ್ಗಿಸಿದರು. ವ್ಯಾಪಾರ ಹೋಯಿತು ಅಂತಲೇ ನಾನೂ ಅಂದುಕೊಂಡೆ.

ಆಂಟಿ ಹೊರಡಲಿಲ್ಲ. ಹೆಸರಿನ ಜೊತೆ ಇನ್ನೇನು ಬರೆದಿದೆ ಅಂತ ಕೇಳಿದರು.

"ಈಕೆ ಇಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಳೆ ಅಂತ, ಆಂಟಿ."

ಅವರು ಕಲ್ಲನ್ನು ಇನ್ನೊಮ್ಮೆ ಸವರಿದರು.

"ಒಗೆಯೋ ಕಲ್ಲಿನ ಹತ್ರ ನಮ್ಮನೇಲಿ ಇವತ್ತಿನವರೆಗೂ ಯಾವ ಹೆಂಗಸೂ ವಿಶ್ರಾಂತಿ ತಗೊಂಡಿಲ್ಲಮ್ಮ. ಅವಳಾದ್ರೂ ತಗೊಳ್ಳಲಿ. ಗಾಡಿಗೆ ಹಾಕ್ಸು."